ಅಳಿಯನ ಮನೆಯ ಕಾರ್ಪೆಟ್

ನೀರು ಕಾಣದ ನೆಲವನ್ನು ನಾನು ನೆಲವೆಂದು ಒಪ್ಪಿಕೊಂಡವಳಲ್ಲ. ಬೆಳಿಗ್ಗೆ ಎದ್ದು ಗುಡಿಸಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಹಬ್ಬದ ಹಿಂದಿನ ದಿನ ಬಕೆಟ್ಟುಗಟ್ಟಲೆ ನೀರು ಹೊಯ್ದು ಕಡ್ಡಿ ಪೊರಕೆಯಲ್ಲಿ ತಳ್ಳಬೇಕು. ಆಮೇಲೆ ಬರಿಗಾಲಲ್ಲಿ ನಡೆದರೆ ಪಾದಕ್ಕೆ ತಣ್ಣಗೆ ತಗಲಬೇಕು. ಮೈಸೂರಿನಲ್ಲಿ ನಾನು ಆಯಸ್ಸು ಕಳೆದದ್ದು ಅಂಥ ಕೆಂಪು ಗಾರೆಯ ನೆಲದ ಮೇಲೆ. ಹಾಗಿರುವಾಗ ಪರದೇಶದ ಪಿನ್ನರ್‌ನಲ್ಲಿ ಮಗಳು, ಅಳಿಯ ಕೊಂಡ ಮನೆಗೆ ಮೊದಲ ಸಲ ಕಾಲಿಟ್ಟರೆ, ಹೊಸ್ತಿಲಿನಿಂದ ಹಿಡಿದು ಮಹಡಿಯ ಕೋಣೆಗಳ ಮೂಲೆಯವರೆಗೆ ಕೆನೆ ಬಣ್ಣದ ಉಣ್ಣೆಯ ಕಾರ್ಪೆಟ್. ಮೆಟ್ಟಿಲಿಗೂ ಅದೇ. ಕಾಲು ಹುಗಿಯುವಷ್ಟು ದಪ್ಪ. ಮಗಳು ಅದನ್ನು ತೋರಿಸುತ್ತಾ ಬಂದಳು, ನಾನು ಇದನ್ನು ಒಗೆಯುವುದು ಹೇಗೆ ಎಂದು ಕೇಳಿದೆ. ಒಗೆಯುವುದಿಲ್ಲ, ಹೂವರ್ ಮಾಡುವುದು, ಮಷೀನಿನಲ್ಲಿ ಧೂಳು ಎಳೆಯುವುದು ಎಂದಳು. ಅಂದರೆ ತಿಂದ ತಟ್ಟೆಯನ್ನು ತೊಳೆಯದೆ ಊದಿ ಇಡುವ ಹಾಗೆ ಎಂದು ನಾನು ಅಂದೆ. ಬಂದ ಗಳಿಗೆಯಲ್ಲೇ ಶುರು ಮಾಡಬೇಡ ಎಂದು ನಮ್ಮ ಯಜಮಾನರು ಕಣ್ಣು ಬಿಟ್ಟರು.

ನನ್ನ ನಾಲಿಗೆಯ ವಿಷಯ ಈಗಲೇ ಹೇಳಿಬಿಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಮಾತು ನಾಲಿಗೆಯ ತುದಿಯಲ್ಲಿ. ಮನಸ್ಸಿನಲ್ಲಿ ಇಟ್ಟುಕೊಂಡು ಗೊತ್ತೇ ಇಲ್ಲ. ಮದುವೆಯಾದ ಹೊಸತರಲ್ಲಿ ನಮ್ಮತ್ತೆಯವರು ಇವಳ ಹೊಟ್ಟೆಯಲ್ಲಿ ಒಂದು ಮಾತೂ ಪಚನವಾಗುವುದಿಲ್ಲ ಎಂದು ಬೇಸರಪಡುತ್ತಿದ್ದರು. ನಮ್ಮವರು ಇದಕ್ಕೆ ತದ್ವಿರುದ್ಧ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಬಿಳೀ ಪ್ಯಾಂಟು, ಬಿಳೀ ಕೋಟು. ಊರೂರು ಸುತ್ತಿ, ಕಲ್ಲಿದ್ದಲ ಪುಡಿ, ಧೂಳು ಎಲ್ಲದರ ನಡುವೆ ನಿಂತು ಬಂದರೂ ಆ ಬಿಳುಪಿನ ಮೇಲೆ ಒಂದು ಕಲೆ ಇರುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಮನೆಯಲ್ಲಿ ಲುಂಗಿ ಉಟ್ಟು ಕೂತವರಲ್ಲ. ಇಸ್ತ್ರಿ ಮಾಡಿದ ಶರ್ಟು, ಪ್ಯಾಂಟೇ ಆಗಬೇಕು. ಮಾತು ಮಾತ್ರ ಅಳೆದು ಸುರಿದು. ಬೇಕಾದದ್ದನ್ನೂ ಕೇಳುವವರಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಸುಮ್ಮನೆ ಊಟ ಮುಗಿಸಿ ಏಳುತ್ತಾರೆ, ನಾನು ಬಾಯಿಗೆ ಹಾಕಿಕೊಂಡಾಗಲೇ ಗೊತ್ತಾಗಬೇಕು.

ಆರು ತಿಂಗಳ ವೀಸಾದಲ್ಲಿ ಹೋಗಿದ್ದೆವು. ಮಗಳಿಗೆ ಹೊಸ ಕೆಲಸ, ಅಳಿಯನ ಆಫೀಸು ಅಕ್ಸ್‌ಬ್ರಿಡ್ಜ್‌ನಲ್ಲಿ, ಮೊಮ್ಮಗಳನ್ನು ಶಾಲೆಯಿಂದ ಕರೆತರಲು ಯಾರಾದರೂ ಬೇಕಿತ್ತು. ನಮ್ಮವರಿಗೆ ಇಷ್ಟವಿರಲಿಲ್ಲ. ಅಳಿಯನ ಮನೆಯಲ್ಲಿ ತಿಂಗಳುಗಟ್ಟಲೆ ಕೂತು ಉಣ್ಣುವುದೇ ಎಂದು ಹೊರಡುವ ಹಿಂದಿನ ದಿನದವರೆಗೂ ಗೊಣಗಿದರು. ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ ಎಂದು ನಾನು ಬಾಯಿ ಮುಚ್ಚಿಸಿದೆ. ಅಲ್ಲಿ ಹೋದ ಮೇಲೆ ನನಗೂ ಹಾಗೇ ಅನ್ನಿಸತೊಡಗಿತು. ಫ್ರಿಜ್ ತೆಗೆಯುವಾಗಲೂ ಒಂದು ಸಂಕೋಚ. ಅಳಿಯ ಬಂಗಾರದಂಥ ಹುಡುಗ, ಅತ್ತೆ, ಮಾವ ಎಂದು ಬಾಯಿ ತುಂಬ ಕರೆಯುತ್ತಾನೆ, ಅವನ ತಪ್ಪು ಎಳ್ಳಷ್ಟೂ ಇಲ್ಲ. ನಾವು ಬೆಳೆದು ಬಂದ ರೀತಿ ಹಾಗೆ, ಬೇಡವೆಂದರೂ ಬಿಡುವುದಿಲ್ಲ.

ಕಾರ್ಪೆಟ್ ಮಗಳ ಪಾಲಿಗೆ ದೇವರ ಮನೆಗಿಂತ ಹೆಚ್ಚು. ಅದಕ್ಕೆ ಅವಳದೇ ಮಡಿ, ಮೈಲಿಗೆ. ಚಪ್ಪಲಿ, ಬೂಟು ಬಾಗಿಲಲ್ಲೇ. ಅರಿಸಿನ ಹಾಕಿದ ಯಾವ ಪದಾರ್ಥವೂ ಅಡುಗೆಮನೆ ದಾಟುವಂತಿಲ್ಲ. ಹೂವರ್ ನಿಧಾನ ಎಳೆಯಬೇಕು, ಅವಸರ ಮಾಡಿದರೆ ಧೂಳು ಬುಡದಲ್ಲೇ ಉಳಿಯುತ್ತದೆ. ಏನಾದರೂ ಚೆಲ್ಲಿದರೆ ಉಜ್ಜಲೇಬಾರದು, ಉಜ್ಜಿದರೆ ಎಳೆ ಕಿತ್ತು ಕಲೆ ಹರಡುತ್ತದೆ. ಬಿಳೀ ಬಟ್ಟೆ ಇಟ್ಟು ಅಂಚಿನಿಂದ ನಡುವಿಗೆ ಒತ್ತುತ್ತಾ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೀರು ಸುರಿಯಬಾರದು. ಮೇಲಿನ ಉಣ್ಣೆ ಒಣಗಿದಂತೆ ಕಂಡರೂ ಅಡಿಯಲ್ಲಿ ಸೆಣಬಿನ ಪದರ, ಅದರಡಿಯಲ್ಲಿ ಸ್ಪಂಜು, ಅವು ವಾರಗಟ್ಟಲೆ ನೀರು ಹಿಡಿದುಕೊಂಡು ಕೂರುತ್ತವಂತೆ. ನಾನು ಎಲ್ಲದಕ್ಕೂ ಕೊಂಕು ನುಡಿದೆ, ಆದರೆ ಕಲಿತೆ. ಸ್ವಲ್ಪ ದಿನಕ್ಕೆ ಮಗಳಿಗಿಂತ ಚೆನ್ನಾಗಿ ಹೂವರ್ ಮಾಡುತ್ತಿದ್ದೆ.

ಒಂದೇ ಒಂದು ವಿಷಯಕ್ಕೆ ಜಗಳವಾಯಿತು. ನನಗೆ ಹೊರಗಿನಿಂದ ಬಂದರೂ, ಬಚ್ಚಲಿಗೆ ಹೋಗಿ ಬಂದರೂ ಕಾಲು ತೊಳೆಯದಿದ್ದರೆ ಮೈಯೆಲ್ಲ ಮುಳ್ಳು. ಆ ದೇಶದ ಬಾತ್‌ರೂಮಿನಲ್ಲಿ ನೆಲಕ್ಕೆ ನೀರು ಹೋಗುವ ತೂತೇ ಇಲ್ಲ. ಟಬ್ಬಿನೊಳಗೆ ಇಳಿದು, ಮಗ್ಗಿನಲ್ಲಿ ಕಾಲಿಗೆ ನೀರು ಹಾಕಿಕೊಂಡು, ಒದ್ದೆಗಾಲಲ್ಲೇ ಹೊರಗೆ ಬರುತ್ತಿದ್ದೆ. ಮಹಡಿಯ ಹಜಾರದ ಕಾರ್ಪೆಟ್ ಮೇಲೆ ನನ್ನ ಹೆಜ್ಜೆಗಳನ್ನು ನೋಡಿ ಮಗಳು ಕೂಗಾಡಿದಳು. ನಾನೂ ಬಿಡಲಿಲ್ಲ, ನಿನ್ನನ್ನು ಹೆತ್ತ ಕಾಲು ಇದು ಎಂದೆಲ್ಲ ಅಂದೆ. ಕೊನೆಗೆ ಟಬ್ಬಿನ ಪಕ್ಕ ಒಂದು ಟವೆಲ್ ಇಟ್ಟುಕೊಂಡು, ಒರೆಸಿಕೊಂಡೇ ಬರುವುದೆಂದು ರಾಜಿಯಾಯಿತು. ಮಾತಿಗೆ ತಪ್ಪಲಿಲ್ಲ ನಾನು.

ಚಳಿ ಶುರುವಾದ ಮೇಲಿನ ಮಾತು. ಒಂದು ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ. ಊಟ ಮಾಡಿ ನಮ್ಮವರು ಮಲಗಲು ಮೇಲೆ ಹೋಗಿದ್ದರು. ನಾನು ಪಾತ್ರೆ ತೊಳೆದಿಟ್ಟು ಮೇಲೆ ಹೋದೆ. ನಮ್ಮ ಕೋಣೆಗೂ ಬಾತ್‌ರೂಮಿಗೂ ನಡುವೆ, ಕಾರ್ಪೆಟ್ ಮೇಲೆ ನನ್ನ ಪಾದ ಒದ್ದೆಯಾಯಿತು. ಬೆಚ್ಚಗಿತ್ತು. ಕೋಣೆಯಲ್ಲಿ ಇವರು ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಪೇಪರ್ ಓದುತ್ತಿದ್ದರು, ಬೇರೆ ಪ್ಯಾಂಟು ಹಾಕಿದ್ದರು. ಬೆಳಿಗ್ಗೆಯದು ಹಿಂಡಿದ ಸ್ಥಿತಿಯಲ್ಲಿ, ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ನೇತಾಡುತ್ತಿತ್ತು. ಹುಟ್ಟಿದಾಗಿನಿಂದ ಒಂದು ಕರವಸ್ತ್ರ ಒಗೆದುಕೊಂಡವರಲ್ಲ. ತಲೆಯೆತ್ತಿ ನನ್ನನ್ನು ನೋಡಿದರು, ಮತ್ತೆ ಫೋನು ನೋಡಿದರು.

ಏನ್ರೀ ಇದು ಎಂದು ಕೇಳಬೇಕಿತ್ತು. ಬೇರೆ ಯಾವ ವಿಷಯವಾಗಿದ್ದರೂ ಮೆಟ್ಟಿಲಲ್ಲೇ ಶುರು ಮಾಡುತ್ತಿದ್ದೆ. ಆದರೆ ಆ ಬಿಳೀ ಕೋಟಿನ ಮನುಷ್ಯನನ್ನು ಹಾಗೆ ಕೇಳಲು ನನಗೆ ನಾಚಿಕೆಯಾಯಿತು. ಅವರಿಗಾಗಿ ನಾಚಿಕೆ, ಅಳಿಯನ ಮನೆಯಲ್ಲಿ ಹೀಗಾಯಿತಲ್ಲ ಎಂದು ನಾಚಿಕೆ, ಮೂಗಿಗೆ ವಾಸನೆ ಬಂದು ಒಂದು ಕ್ಷಣ ಅಸಹ್ಯ ಪಟ್ಟುಕೊಂಡೆನಲ್ಲ ಎಂದು ಇನ್ನೊಂದು ನಾಚಿಕೆ. ಕಾಫಿ ಮಾಡಲಾ ಎಂದು ಕೇಳಿದೆ. ಮಾಡು ಎಂದರು.

ಮಗಳು ಹೇಳಿಕೊಟ್ಟ ಹಾಗೆಯೇ ಮಾಡಿದೆ. ಪೇಪರ್ ಟವೆಲ್ ಇಟ್ಟು ಅಂಚಿನಿಂದ ನಡುವಿಗೆ ಒತ್ತಿದೆ. ವಿನೆಗರ್‌ಗೆ ನೀರು ಬೆರೆಸಿ ಚಿಮುಕಿಸಿ ಮತ್ತೆ ಒತ್ತಿದೆ, ಅಡುಗೆ ಸೋಡಾ ಉದುರಿಸಿದೆ, ಒಣಗಿದ ಮೇಲೆ ಹೂವರ್ ಎಳೆದೆ. ಸಂಜೆ ಮಗಳು ಬಂದು ಅದರ ಮೇಲೇ ನಡೆದುಹೋದಳು, ಏನೂ ಗೊತ್ತಾಗಲಿಲ್ಲ. ಸದ್ಯ ಎಂದುಕೊಂಡೆ.

ಅದು ಅಲ್ಲಿಗೇ ನಿಲ್ಲಲಿಲ್ಲ. ಕೆಲವು ದಿನ ಇಲ್ಲ, ಕೆಲವು ದಿನ ಉಂಟು. ಯಾವಾಗಲೂ ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ, ಬಾತ್‌ರೂಮಿಗೆ ನಾಲ್ಕು ಹೆಜ್ಜೆ ಇರುವಾಗ. ನಾವಿಬ್ಬರೂ ಒಂದೇ ಒಂದು ಮಾತು ಆಡಲಿಲ್ಲ. ಅವರು ಪ್ಯಾಂಟು ಹಿಂಡಿ ಹಾಕುವುದು, ಕೆಳಗೆ ಹೋಗಿ ಕೂರುವುದು. ನಾನು ಕೆಲಸ ಹುಡುಕಿಕೊಂಡವಳಂತೆ ಮೇಲೆ ಬರುವುದು. ಇಷ್ಟಾದರೂ ನನಗೆ ಸಮಾಧಾನವಿಲ್ಲ. ಎಷ್ಟು ಒತ್ತಿದರೂ, ಎಷ್ಟು ಸೋಡಾ ಹಾಕಿದರೂ, ನೀರು ಹಾಕದೆ ಅದು ಹೇಗೆ ಶುದ್ಧವಾದೀತು? ನನ್ನ ಕೈ ಕೇಳಲಿಲ್ಲ. ಒಂದು ದಿನ ಟಬ್ಬಿನ ನಲ್ಲಿಯಿಂದ ಮಗ್ಗು ತುಂಬ ನೀರು ತಂದು ಅದರ ಮೇಲೆ ಸುರಿದೆ. ನೀರು ಒಂದು ಗಳಿಗೆ ಮೇಲೆ ನಿಂತು, ಆಮೇಲೆ ಒಳಗೆ ಇಳಿಯಿತು. ಅಬ್ಬ, ಎಂಥ ಹಗುರ! ಆಮೇಲಿಂದ ಪ್ರತಿ ಸಲವೂ ಸುರಿದೆ. ಸುರಿದು, ಟವೆಲ್ ಹಾಸಿ ಮೇಲೆ ನಿಂತು ತುಳಿದು, ಮಗಳ ಹೇರ್ ಡ್ರೈಯರ್ ಹಿಡಿದು ಒಣಗಿಸಿದೆ. ಕೈ ಮುಟ್ಟಿದರೆ ಒಣಗಿರುತ್ತಿತ್ತು. ಅಡಿಯಲ್ಲಿ ಏನಾಗುತ್ತಿದೆ ಎಂದು ಈ ಜಾಣೆ ಯೋಚಿಸಲಿಲ್ಲ.

ಅಡಿಯ ಸೆಣಬಿನ ಬಣ್ಣ ನೀರಿನ ಜೊತೆ ಮೇಲೇರಿ ಬಂತು. ಮೊದಲು ಹಳದಿ, ಆಮೇಲೆ ಕಂದು. ದೊಡ್ಡ ದೋಸೆಯಗಲದ ಕಲೆ, ಅಂಚು ಇನ್ನೂ ಗಾಢ. ಜೊತೆಗೆ ಒದ್ದೆ ಕಂಬಳಿಯ ಮುಗ್ಗಲು ವಾಸನೆ. ಶನಿವಾರ ಹೂವರ್ ಹಿಡಿದು ಮೇಲೆ ಹೋದ ಮಗಳು ಬಹಳ ಹೊತ್ತು ಅದನ್ನು ಆನ್ ಮಾಡಲಿಲ್ಲ. ನಾನು ಕೆಳಗೆ ಹುರುಳಿಕಾಯಿ ಹೆಚ್ಚುತ್ತಾ ಆ ನಿಶ್ಶಬ್ದವನ್ನೇ ಕೇಳುತ್ತಿದ್ದೆ. ಅವಳು ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದಳು.

"ಅಮ್ಮ, ಅಪ್ಪಂಗೆ ಏನಾದ್ರೂ ತೊಂದರೆ ಆಗ್ತಿದೆಯಾ? ಬಾತ್‌ರೂಮಿಗೆ ಹೋಗೋಷ್ಟರಲ್ಲಿ... ಹೇಳು, GP ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ."

ಇಷ್ಟು ಮೃದುವಾಗಿ ನನ್ನ ಮಗಳು ಮಾತಾಡಿದ್ದು ನನಗೆ ನೆನಪಿಲ್ಲ. ಹೌದು ಕಣೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಮಾತು ಅಡುಗೆಮನೆಯಿಂದ ಅಳಿಯನ ಕಿವಿಗೆ ಹೋಗುತ್ತದೆ, ಅಲ್ಲಿಂದ ಅವನ ಅಪ್ಪ ಅಮ್ಮನ ಕಿವಿಗೆ ಹೋಗುತ್ತದೆ, ನಾಳೆ ಯಾರದೋ ಮದುವೆ ಮನೆಯಲ್ಲಿ ಬೀಗರು ನಮ್ಮವರ ಪ್ಯಾಂಟು ನೋಡುತ್ತಾರೆ, ಇಷ್ಟೂ ನನ್ನ ತಲೆಯಲ್ಲಿ ಒಂದೇ ಉಸಿರಿಗೆ ಓಡಿತು. ಚಾಕು ಕೆಳಗಿಟ್ಟು ಸಿಡಿದೆ.

"ನಿಮ್ಮಪ್ಪನ ಮೇಲೆ ಯಾಕೆ ಹಾಕ್ತೀಯ? ನಂದೇ ಕಾಲು. ತೊಳ್ಕೊಂಡು ಹಾಗೇ ಬರ್ತೀನಿ. ಒರೆಸ್ಕೊಂಡು ಬಾ ಅಂದ್ರೆ ಆಗಲ್ಲ ನಂಗೆ, ಏನ್ ಮಾಡ್ತೀಯೋ ಮಾಡು."

ಮಗಳ ಮುಖದಲ್ಲಿ ಮೊದಲು ಬಂದದ್ದು ಸಮಾಧಾನ, ಅದನ್ನು ನಾನು ಕಣ್ಣಾರೆ ಕಂಡೆ. ಸಿಟ್ಟು ಆಮೇಲೆ ಬಂತು. ಎಷ್ಟು ಸಲ ಹೇಳಿದೆ, ಮೊದಲ ಸ್ವಂತ ಮನೆ, ನಾನು ಒಂದೊಂದು ಅಂಗಡಿ ಸುತ್ತಿ ಆರಿಸಿದ ಕಾರ್ಪೆಟ್, ಮಗುವಾದರೂ ಒಂದು ಸಲ ಹೇಳಿದರೆ ಕೇಳುತ್ತದೆ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಹುರುಳಿಕಾಯಿ ಹೆಚ್ಚುತ್ತಾ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೆ. ನನ್ನಂಥವಳು ಸುಳ್ಳು ಹೇಳಿದರೆ ಯಾರೂ ಅನುಮಾನಪಡುವುದಿಲ್ಲ ಎಂದು ಅವತ್ತು ಗೊತ್ತಾಯಿತು. ಮಧ್ಯಾಹ್ನ ಅಳಿಯ ಹಜಾರದುದ್ದಕ್ಕೂ ಪ್ಲಾಸ್ಟಿಕ್ ಹಾಳೆ ಹಾಸಿದ. ಪರವಾಗಿಲ್ಲ ಅತ್ತೆ, ಎಲ್ಲರ ಮನೆಯಲ್ಲೂ ಆಗುತ್ತೆ ಎಂದ. ಭೂಮಿ ಬಾಯಿಬಿಡಬಾರದೆ ಎನ್ನಿಸಿತು.

ಆಡಿದ ಸುಳ್ಳನ್ನು ನಡೆಸಿಕೊಂಡೂ ಹೋಗಬೇಕಲ್ಲ. ಅಲ್ಲಿಂದ ಮುಂದೆ, ಮಗಳು ನೋಡುವಾಗ ಬೇಕೆಂದೇ ಒದ್ದೆಗಾಲಲ್ಲಿ ಬಂದು ಬೈಸಿಕೊಳ್ಳುತ್ತಿದ್ದೆ. ಮಧ್ಯಾಹ್ನಗಳಲ್ಲಿ ಪ್ಲಾಸ್ಟಿಕ್ ಇದ್ದರೂ ಅಂಚಿನಿಂದ ಇಳಿದದ್ದಕ್ಕೆ ನೀರು ಸುರಿಯುತ್ತಿದ್ದೆ. ಮೊಮ್ಮಗಳು ಒಂದು ಪಾದದ ಚಿತ್ರ ಬರೆದು, ಅದರ ಮೇಲೆ ಕೆಂಪು ಗೆರೆ ಎಳೆದು, ಕೆಳಗೆ 'ಅಜ್ಜಿ, ನೋ ವೆಟ್ ಫೀಟ್' ಎಂದು ಇಂಗ್ಲಿಷಿನಲ್ಲಿ ಬರೆದು ಬಾತ್‌ರೂಮಿನ ಬಾಗಿಲಿಗೆ ಅಂಟಿಸಿದಳು. ನಾನು ಭೇಷ್ ಎಂದು ಮುತ್ತು ಕೊಟ್ಟೆ. ನಮ್ಮವರು ಆ ಚೀಟಿಯ ಮುಂದೆ ದಿನವೂ ಓಡಾಡಿದರು. ಅವರಿಗೆ ನನ್ನ ಸುಳ್ಳು ಗೊತ್ತಿತ್ತು, ಗೊತ್ತಿರಲೇಬೇಕು. ಒಂದು ದಿನವಾದರೂ ಯಾಕೆ ಹೀಗೆ ಮಾಡಿದೆ ಎಂದು ಕೇಳಲಿಲ್ಲ. ಕೇಳದಿದ್ದರೇ ಒಳ್ಳೆಯದು ಎಂದು ನಾನೂ ಇದ್ದೆ.

ಹೀಗಿರುವಾಗ ಮಗಳು ನಾಲ್ಕೈದು ಕನ್ನಡದ ಮನೆಗಳವರನ್ನು ಭಾನುವಾರ ಊಟಕ್ಕೆ ಕರೆದಳು. ಬೆಂಗಳೂರಿನವರು, ಧಾರವಾಡದವರು, ಕಿಂಗ್ಸ್‌ಬರಿಯಿಂದ ಒಂದು ಮಂಗಳೂರಿನ ಕುಟುಂಬ. ನಾನು ಬಿಸಿಬೇಳೆಭಾತ್ ಮಾಡಿದ್ದೆ. ಮೇಲಿನ ಬಾತ್‌ರೂಮಿಗೆ ಹೋಗಿ ಬಂದ ಹೆಂಗಸೊಬ್ಬರು ಪ್ಲಾಸ್ಟಿಕ್ಕನ್ನೂ ಚೀಟಿಯನ್ನೂ ನೋಡಿ ಬಂದು ಇದೇನು ಕತೆ ಎಂದು ಕೇಳಿದರು. ಮಗಳಿಗೆ ಅಷ್ಟು ಸಾಕು, ಉಪ್ಪು ಖಾರ ಹಚ್ಚಿ ಹೇಳಿದಳು. ಅಮ್ಮನ ಕಾಲು, ಅಮ್ಮನ ಮಗ್ಗು, ಅಮ್ಮ ಕಾರ್ಪೆಟ್ಟಿಗೆ ಮಾಡಿಸಿದ ಸ್ನಾನ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ತಾಯಿ ಬಂದಾಗ ಮೆಟ್ಟಿಲಿಗೇ ನೀರು ಹೊಯ್ದರು ಎಂದು ಒಬ್ಬರು ಹೇಳಿದರು, ಇನ್ನೊಬ್ಬರ ಅತ್ತೆ ಕಾರ್ಪೆಟ್ ಮೇಲೆ ರಂಗೋಲಿ ಹಾಕಿದ್ದರಂತೆ. ನಾನೂ ನಕ್ಕೆ, ನಗುತ್ತಾ ತುಪ್ಪ ಬಡಿಸಿದೆ. ನನ್ನ ಮರ್ಯಾದೆ ಹರಾಜಾದರೂ ಚಿಂತೆಯಿಲ್ಲ, ಅವರದು ಉಳಿಯಿತಲ್ಲ.

ಆಗ ನಮ್ಮವರು ತಟ್ಟೆಯಿಂದ ಮುಖ ಎತ್ತಿದರು. ಕೂಟದಲ್ಲಿ ತಾವಾಗಿ ಬಾಯಿ ತೆರೆಯುವ ಮನುಷ್ಯನೇ ಅಲ್ಲ.

"ಎಷ್ಟು ಹೇಳಿದ್ರೂ ಇವಳಿಗೆ ಬುದ್ಧಿ ಬರಲ್ಲ," ಎಂದರು, ನನ್ನನ್ನೇ ನೆಟ್ಟ ನೋಟದಲ್ಲಿ ನೋಡುತ್ತಾ. "ಕೊಳಕು ಅಭ್ಯಾಸ. ಅಳಿಯಂದಿರ ಮನೆ ಹಾಳು ಮಾಡಿಬಿಟ್ಟಳು."

ನನ್ನ ಪಿತ್ತ ನೆತ್ತಿಗೇರಿತು. ಕೊಳಕು! ನನಗೆ! ಯಾರ ಕೊಳಕನ್ನು ಯಾರು ಮಂಡಿಯೂರಿ ಒತ್ತಿದ್ದು? ಮಾತು ಗಂಟಲಿಗೆ ಬಂತು, ಹಲ್ಲಿನವರೆಗೂ ಬಂತು. ಅವರು ಇನ್ನೂ ನೋಡುತ್ತಲೇ ಇದ್ದರು, ಕಣ್ಣು ತೆಗೆಯಲಿಲ್ಲ. ನಾನು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದೆ, ನಾಲಿಗೆ ಕಚ್ಚಿಕೊಂಡೆ. ಹೌದು, ತಪ್ಪಾಯಿತು ಎಂದೆ. ಮಗಳು ನಗು ನಿಲ್ಲಿಸಿ ನನ್ನ ಕಡೆ ತಿರುಗಿದಳು. ನನ್ನ ಬಾಯಲ್ಲಿ ಆ ಮಾತನ್ನು ಅವಳು ಕೇಳಿದ್ದೇ ಇಲ್ಲ. ನಮ್ಮವರು ತಲೆ ತಗ್ಗಿಸಿ ಊಟ ಮುಂದುವರಿಸಿದರು.

ಆಮೇಲೆ ನಾನು ಅವರ ಜೊತೆ ಮಾತು ಬಿಟ್ಟೆ. ಕಾಫಿ ಲೋಟ ಮೇಜಿಗೆ ಕುಕ್ಕಿ ಬರುತ್ತಿದ್ದೆ. ಮಧ್ಯಾಹ್ನ ಮೇಲೆ ಹೋಗಿ ಒರೆಸುವುದನ್ನು ಮಾತ್ರ ಬಿಡಲಿಲ್ಲ, ಆದರೆ ಮನಸ್ಸಿನಲ್ಲಿ ಶಾಪ ಹಾಕುತ್ತಾ ಒರೆಸಿದೆ. ಇಷ್ಟು ಮಾಡಿದ್ದಕ್ಕೆ ಎಲ್ಲರೆದುರು ನನ್ನನ್ನೇ ಬೈದು ದೊಡ್ಡವರಾದರಲ್ಲ ಎಂದು.

ಒಂದು ಶನಿವಾರ ಅಳಿಯ ಕಾರ್ಪೆಟ್ ತೊಳೆಯುವ ಮಷೀನು ಬಾಡಿಗೆಗೆ ತಂದ. ಬಿಸಿನೀರು, ಸೋಪು ಒಂದು ಕಡೆಯಿಂದ ಚಿಮ್ಮಿಸಿ ಇನ್ನೊಂದು ಕಡೆಯಿಂದ ಕೊಳೆನೀರು ಹೀರಿಕೊಳ್ಳುವ ಯಂತ್ರ. ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ, ಭಾರ ಇದೆ ಅತ್ತೆ ಎಂದು ಬಿಡಲಿಲ್ಲ. ಪ್ಲಾಸ್ಟಿಕ್ ಸುತ್ತಿಟ್ಟು, ಮಂಡಿಯೂರಿ, ಮೂತಿಯ ಹಾಗಿದ್ದ ಪೈಪನ್ನು ಕಲೆಯ ಮೇಲೆ ಒತ್ತಿ ಎಳೆದ. ಮಗಳು ಮೆಟ್ಟಿಲ ಮೇಲೆ ನಿಂತಿದ್ದಳು, ಮೊಮ್ಮಗಳು ಅವಳ ಪಕ್ಕ, ನಾನು ಬಾತ್‌ರೂಮಿನ ಬಾಗಿಲಲ್ಲಿ. ಬಿಸಿನೀರು ಒಳಗಿಳಿದದ್ದೇ ತಡ, ಇಷ್ಟು ದಿನ ನಾನು ತಣ್ಣೀರು ಹಾಕಿ ಹಾಕಿ ಅಡಿಗೆ ತಳ್ಳಿದ್ದೆಲ್ಲ ಹಬೆಯ ಜೊತೆ ಎದ್ದು ಬಂತು. ಅದು ಮುಗ್ಗಲು ವಾಸನೆಯಲ್ಲ. ಯಾರಿಗೂ ಹೇಳಿಕೊಡಬೇಕಾಗಿಲ್ಲದ ವಾಸನೆ. ಮೊಮ್ಮಗಳು ಮೂಗು ಮುಚ್ಚಿಕೊಂಡು, ಸ್ಕೂಲಿನ ಬಾಯ್ಸ್ ಟಾಯ್ಲೆಟ್ ವಾಸನೆ ಎಂದು ಇಂಗ್ಲಿಷಿನಲ್ಲಿ ಅಂದಳು.

ಮಷೀನು ಒಂದೇ ಸಮ ಗುರ್ ಎನ್ನುತ್ತಿತ್ತು. ಮಗಳು ನಿಧಾನವಾಗಿ ನನ್ನ ಕಡೆ ನೋಡಿದಳು. ಅಳಿಯನಿಗೂ ಗೊತ್ತಾಗಿತ್ತು, ಆದರೆ ಆ ಹುಡುಗ ತಲೆ ಎತ್ತಲಿಲ್ಲ, ಏನೂ ಕೇಳಿಸಲಿಲ್ಲ ಎಂಬಂತೆ ಎಳೆಯುತ್ತಲೇ ಇದ್ದ. ಅದನ್ನು ನೋಡಿ ನನಗೆ ಇನ್ನೂ ಹಿಂಸೆಯಾಯಿತು. ಧಾರೆಯ ದಿನ ತಟ್ಟೆಯಲ್ಲಿ ನಿಲ್ಲಿಸಿ, ನಾನು ನೀರು ಹಾಕಿ, ನಮ್ಮವರು ಎರಡೂ ಕೈಯಲ್ಲಿ ಕಾಲು ತೊಳೆದ ಅಳಿಯ. ಆ ಅಳಿಯ ಈಗ ಮಂಡಿಯೂರಿ ನಮ್ಮ ಉಚ್ಚೆ ಬಳಿಯುತ್ತಿದ್ದಾನೆ. ಕಾಲಿನ ಸುಳ್ಳು ಇನ್ನು ನಡೆಯುವುದಿಲ್ಲ. ಆದದ್ದಾಗಲಿ, ಇದೂ ನನ್ನದೇ ಎಂದುಬಿಡೋಣ, ವಯಸ್ಸಾಯಿತು, ತಡೆಯಲಾಗುವುದಿಲ್ಲ ಎಂದು ನನ್ನ ಮೇಲೇ ಹಾಕಿಕೊಳ್ಳೋಣ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ನಮ್ಮ ಕೋಣೆಯ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಶರ್ಟು ಹಾಕಿ ನಿಂತಿದ್ದರು.

"ಏಳಿ," ಎಂದರು ಅಳಿಯನಿಗೆ. "ನೀವು ಮುಟ್ಟಬೇಡಿ. ಅದು ನಂದು."

ಮುಂದೆ ಬಂದು ಪೈಪಿಗೆ ಕೈ ಹಾಕಿದರು. ಅಳಿಯ ಪೈಪು ಬಿಟ್ಟುಕೊಡಲಿಲ್ಲ. ಮಾವ, ನೀವು ಈ ಬಟನ್ ಒತ್ತಿ, ನಾನು ಎಳೀತೀನಿ ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಅವರಿಬ್ಬರೂ ಹಾಗೇ ಕೂತು ಹಜಾರವನ್ನೆಲ್ಲ ತೊಳೆದರು. ಮಗಳು ಮೊಮ್ಮಗಳನ್ನು ಕೆಳಗೆ ಕಳಿಸಿ, ತಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು. ನಾನು ನೇರವಾಗಿ ಕೇಳಿದೆನಲ್ಲಮ್ಮ ಎಂದಷ್ಟೇ ಹೇಳಿದಳು.

ಸೋಮವಾರವೇ GP ಹತ್ತಿರ ಅಪಾಯಿಂಟ್‌ಮೆಂಟ್ ಆಯಿತು. ಮಗಳು ಜೊತೆಗೆ ಬಂದು, ಅಲ್ಲಿಂದಲೇ ಆಫೀಸಿಗೆ ಹೋದಳು. ಪ್ರಾಸ್ಟೇಟ್ ಊದಿಕೊಂಡಿದೆ, ಈ ವಯಸ್ಸಿನಲ್ಲಿ ಬಹಳ ಗಂಡಸರಿಗೆ ಆಗುವುದೇ, ಮಾತ್ರೆಯಿದೆ, ರಕ್ತಪರೀಕ್ಷೆ ಒಂದು ಮಾಡಿಬಿಡೋಣ ಎಂದು ಡಾಕ್ಟರ್ ಹುಡುಗಿ ಸಲೀಸಾಗಿ ಹೇಳಿದಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದಾಗ ನಮ್ಮವರು ನನ್ನ ಕಡೆ ನೋಡಿದರು, ನಾನು ಗೋಡೆ ನೋಡಿದೆ. ನೋವಿತ್ತೇ ಎಂದು ಕೇಳಿದಳು. ಇತ್ತು ಎಂದರು. ಉರಿಯುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ ಎಂದರು. ಪಕ್ಕದಲ್ಲೇ ಮಲಗಿದ್ದ ನನಗೆ ಅದು ಅಲ್ಲಿ, ಆ ಡಾಕ್ಟರ ಕೋಣೆಯಲ್ಲಿ ಗೊತ್ತಾಯಿತು. ನಾನು ಕಾರ್ಪೆಟ್ ನೋಡಿಕೊಂಡಿದ್ದೆ, ಮನುಷ್ಯನನ್ನು ನೋಡಿರಲಿಲ್ಲ.

ವಾಪಸ್ಸು ಬರುವಾಗ ಏರು ರಸ್ತೆ. ಅರ್ಧ ದಾರಿಯಲ್ಲಿ ಒಂದು ಬೆಂಚಿತ್ತು, ಕೂತೆವು. ಚಳಿಗೆ ಇಬ್ಬರ ಮೂಗೂ ಸೋರುತ್ತಿತ್ತು. ನಾನು ಮಾತು ಬಿಟ್ಟು ಬಹಳ ದಿನವಾಗಿತ್ತು, ಶುರು ಮಾಡುವುದು ಹೇಗೆಂದು ತಿಳಿಯಲಿಲ್ಲ. ಅಷ್ಟೆಲ್ಲ ಕೇಳಿದ ಮೇಲೂ ನನ್ನೊಳಗೆ ಆ ಭಾನುವಾರದ ಮುಳ್ಳು ಹಾಗೇ ಚುಚ್ಚಿಕೊಂಡಿತ್ತು, ನಾಚಿಕೆಗೆಟ್ಟ ಮನಸ್ಸು. ಅಷ್ಟು ಜನರೆದುರು ನನ್ನನ್ನು ಕೊಳಕು ಎಂದು ಯಾಕೆ ಅಂದಿರಿ, ನಿಮಗಾಗಿಯೇ ತಾನೇ ನಾನು ಅದನ್ನು ಹೊತ್ತುಕೊಂಡದ್ದು ಎಂದು ಕೇಳಿಯೇಬಿಟ್ಟೆ.

ಅವರು ಕೈಗವಸು ಬಿಚ್ಚಿ, ಮೂಗು ಒರೆಸಿಕೊಂಡು, ಮತ್ತೆ ಹಾಕಿಕೊಂಡರು.

"ನಿಂಗೆ ಸಿಟ್ಟು ಬರ್ಲಿ ಅಂತ," ಎಂದರು. "ನಂಗೆ ಹೇಳ್ಕೊಳೋಕೆ ಬಾಯಿ ಬರ್ತಿರಲಿಲ್ಲ ಕಣೇ. ಸಿಟ್ಟಿಗೆ ನೀನಾದ್ರೂ ಹೇಳಿಬಿಡ್ತೀಯ ಅಂತ ನಿನ್ನ ಮುಖಾನೇ ನೋಡ್ತಾ ಕೂತಿದ್ದೆ. ನೀನು ನೋಡಿದ್ರೆ, ತಪ್ಪಾಯ್ತು ಅಂದುಬಿಟ್ಟೆ."